ಸಿಂಹಾಸನದ ಮುಂದೆ ಕುರಾನ್ ಇರಿಸಿದ ಅರಸ – ಪ್ರೌಢ ದೇವರಾಯ

ನಮ್ಮ ಕರಾವಳಿಯ ಚರ್ಚುಗಳಿಂದ ಯುವಜನರು, ಕ್ರೈಸ್ತ ಶಿಕ್ಷಣದ ಶಿಕ್ಷಕರು, ವಾಳೆಯ ಗುರಿಕಾರರು ಬಸ್ಸು ಮಾಡಿಕೊಂಡು ಹಂಪಿಗೆ ಪ್ರವಾಸ ಹೋಗುವುದು ಹೊಸತೇನಲ್ಲ. ರಾತ್ರಿ ಹೊರಟು ಬೆಳಿಗ್ಗೆ ಹೊಸಪೇಟೆ ತಲುಪಿ, ಸ್ನಾನ ತಿಂಡಿ ಮುಗಿಸಿ, ವಿರೂಪಾಕ್ಷ ದೇವಾಲಯದ ಗೋಪುರ, ಕಲ್ಲಿನ ರಥ, ಕಮಲ ಮಹಲು, ಆನೆಲಾಯ ಎಂದು ಓಡಾಡುವಷ್ಟರಲ್ಲಿ ಸಂಜೆಯಾಗುತ್ತದೆ. ಬಿಸಿಲು ತಡೆಯಲಾರದವರು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಸ್ವಲ್ಪ ಹೊತ್ತು ಕುಳಿತು, ಅಲ್ಲಿರುವ ಇಡೀ ಹಂಪಿಯ ಮಾದರಿಯನ್ನು ನೋಡಿ ಬಸ್ಸು ಹತ್ತುತ್ತಾರೆ. ಆದರೆ ಅದೇ ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಒಂದು ಹಳೆಯ ಕಟ್ಟಡವನ್ನು ನೋಡಿದವರು ಕಡಿಮೆ.

ದೂರದಿಂದ ನೋಡಿದರೆ ಅದು ದೇವಾಲಯದ ಮಂಟಪವೆಂದೇ ಅನಿಸುತ್ತದೆ. ಹಂಪಿಯ ಎಲ್ಲ ಮಂಟಪಗಳಲ್ಲಿರುವಂತಹ ಕಲ್ಲಿನ ಕಂಬಗಳು, ಚಪ್ಪಟೆ ಚಾವಣಿ. ಗುಮ್ಮಟವಿಲ್ಲ, ಮಿನಾರುಗಳಿಲ್ಲ. ಒಳಗೆ ಹೋಗಿ ಪಶ್ಚಿಮದ ಗೋಡೆಯನ್ನು ನೋಡಿದಾಗ ಮಾತ್ರ ತಿಳಿಯುತ್ತದೆ – ಅಲ್ಲಿ ನಮಾಜಿನ ದಿಕ್ಕನ್ನು ತೋರಿಸುವ ಗೂಡು ಇದೆ. ಇದು ಮಸೀದಿ. ಪಕ್ಕದಲ್ಲಿ ಗುಮ್ಮಟವಿರುವ ಒಂದು ಗೋರಿಯೂ ಇದೆ. ಕಟ್ಟಿಸಿದವನು ಅಹಮದ್ ಖಾನ್ ಎಂಬ ಸೈನ್ಯಾಧಿಕಾರಿ. ವರ್ಷ 1439. ಅವನು ಹಾಕಿಸಿದ ಶಾಸನ ಅರಬ್ಬಿಯಲ್ಲಿಯೂ ಇಲ್ಲ, ಪಾರಸಿಯಲ್ಲಿಯೂ ಇಲ್ಲ, ಕನ್ನಡದಲ್ಲಿದೆ. ಆ ಶಾಸನ ಈ ಕಟ್ಟಡವನ್ನು ಮಸೀದಿ ಎಂದು ಕರೆಯುವುದಿಲ್ಲ, ಧರ್ಮಶಾಲೆ ಎನ್ನುತ್ತದೆ. ತನ್ನ ಒಡೆಯನಾದ ದೇವರಾಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿ ಬಾವಿಯನ್ನೂ ತೋಡಿಸಿದೆ ಎಂಬುದು ಅದರ ಸಾರಾಂಶ.

ಮುಸಲ್ಮಾನ ಸೈನಿಕನೊಬ್ಬ ಹಿಂದೂ ಅರಸನ ಪುಣ್ಯಕ್ಕಾಗಿ ಮಸೀದಿ ಕಟ್ಟಿಸುವುದೆಂದರೇನು? ಆ ಅರಸ ಯಾರು? ಇಂದು ಯಾವ ವಿಷಯ ಬಂದರೂ ನೀನು ಈ ಕಡೆಯೋ ಆ ಕಡೆಯೋ ಎಂದು ಮೊದಲು ಕೇಳುವ ಅಭ್ಯಾಸ ನಮ್ಮ ಜಿಲ್ಲೆಗಳಲ್ಲೂ, ನಮ್ಮ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲೂ ಬೇರೂರಿರುವಾಗ, ಆ ಅರಸನ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡೋಣ ಎಂದು ನಮಗೆ ಅನಿಸಿತು.

ಅವನು ಸಂಗಮ ವಂಶದ ಎರಡನೆಯ ದೇವರಾಯ. ಜನರ ಬಾಯಲ್ಲಿ ಪ್ರೌಢ ದೇವರಾಯ. ಆನೆಗಳ ಬೇಟೆಯಲ್ಲಿ ನಿಪುಣನಾದ್ದರಿಂದ ಗಜಬೇಟೆಕಾರ ಎಂಬ ಬಿರುದೂ ಅವನಿಗಿತ್ತು. ಹಂಪಿ ಎಂದರೆ ನಮಗೆಲ್ಲ ಕೃಷ್ಣದೇವರಾಯನ ನೆನಪಾಗುತ್ತದೆ. ಅವನಿಗಿಂತ ಸುಮಾರು 85 ವರ್ಷ ಮೊದಲೇ ಈ ದೇವರಾಯ ಸಿಂಹಾಸನವೇರಿದ್ದ. 1424ರ ಸುಮಾರಿಗೆ ಪಟ್ಟಕ್ಕೆ ಬಂದು 1446ರವರೆಗೆ ಆಳಿದ. ನಮ್ಮ ಮಂಗಳೂರು ಮತ್ತು ಬಾರ್ಕೂರು ಅವನ ರಾಜ್ಯದ ಎರಡು ಪ್ರಾಂತ್ಯಗಳಾಗಿದ್ದವು.

ಅವನಿಗೆ ಪಿತ್ರಾರ್ಜಿತವಾಗಿ ಬಂದದ್ದು ರಾಜ್ಯ ಮಾತ್ರವಲ್ಲ, ವೈರವೂ ಬಂತು. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ರಾಯಚೂರು ಸೀಮೆಗಾಗಿ ಬಹಮನಿ ಸುಲ್ತಾನರೊಂದಿಗೆ ವಿಜಯನಗರದ ಅರಸರು ತಲೆಮಾರುಗಳಿಂದ ಹೊಡೆದಾಡುತ್ತಿದ್ದರು. 1420ರ ದಶಕದ ಆರಂಭದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ನದಿ ದಾಟಿ ಬಂದು ವಿಜಯನಗರದ ಹಳ್ಳಿಗಳನ್ನು ಸುಟ್ಟು, ಗಂಡಸು ಹೆಂಗಸು ಮಕ್ಕಳೆನ್ನದೆ ಕೊಂದ. ಇದನ್ನು ಬರೆದಿಟ್ಟವನು ವಿಜಯನಗರದವನಲ್ಲ. ಬಿಜಾಪುರದ ಸುಲ್ತಾನನ ಆಶ್ರಯದಲ್ಲಿದ್ದ ಫೆರಿಶ್ತಾ ಎಂಬ ಮುಸಲ್ಮಾನ ಇತಿಹಾಸಕಾರ. ಆ ಯುದ್ಧದ ಸಮಯದಲ್ಲಿ ನಡೆದ ಒಂದು ಪ್ರಸಂಗವನ್ನೂ ಅವನು ಹೇಳುತ್ತಾನೆ. ಅರಸನು ಕಬ್ಬಿನ ತೋಟವೊಂದರ ಬಳಿ ಮಲಗಿದ್ದಾಗ ಶತ್ರುವಿನ ಸವಾರರು ಏಕಾಏಕಿ ನುಗ್ಗಿದರು. ಅರಸ ಮೈಮೇಲೆ ಸರಿಯಾದ ಬಟ್ಟೆಯೂ ಇಲ್ಲದೆ ತೋಟದೊಳಗೆ ಓಡಿದ. ಕಬ್ಬು ತಿನ್ನಲು ಬಂದ ಸೈನಿಕರಿಗೆ ಅವನು ಸಿಕ್ಕಿದ. ಯಾರೋ ತೋಟದ ಆಳು ಇರಬೇಕೆಂದು ಅವನ ತಲೆಯ ಮೇಲೆಯೇ ಕಬ್ಬಿನ ಹೊರೆ ಹೊರಿಸಿ ಓಡಿಸಿದರು. ದಾರಿಯಲ್ಲಿ ಸೈನಿಕರು ಅವನನ್ನು ಬಿಟ್ಟುಹೋದಾಗ ಅರಸ ತಪ್ಪಿಸಿಕೊಂಡ. ಫೆರಿಶ್ತಾ ಈ ಅರಸನನ್ನು ದೇವರಾಯನೆಂದೇ ಕರೆದಿದ್ದಾನೆ. ಅದು ಇವನೋ ಇವನ ತಂದೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯಾರೇ ಆಗಿರಲಿ, ಆ ಮನೆತನಕ್ಕೆ ಎಂತಹ ಅವಮಾನ, ಆ ಪ್ರಜೆಗಳಿಗೆ ಎಂತಹ ನೋವು ಆಗಿತ್ತೆಂಬುದು ಇದರಿಂದ ತಿಳಿಯುತ್ತದೆ. ದೇವರಾಯನಿಗೆ ಮುಸಲ್ಮಾನರನ್ನು ದ್ವೇಷಿಸಲು ಕಾರಣಗಳ ಕೊರತೆ ಇರಲಿಲ್ಲ. ಇದನ್ನು ಮರೆತು ಮುಂದಿನದನ್ನು ಓದಿದರೆ ಅವನು ಮಾಡಿದ್ದರ ಬೆಲೆ ನಮಗೆ ತಿಳಿಯಲಾರದು.

ಸೋಲುಗಳ ನಂತರ ದೇವರಾಯ ತನ್ನ ಮಂತ್ರಿಗಳನ್ನೂ ಪಂಡಿತರನ್ನೂ ಕೂಡಿಸಿ ಒಂದು ಪ್ರಶ್ನೆ ಕೇಳಿದ. ನಮ್ಮ ರಾಜ್ಯ ದೊಡ್ಡದು, ನಮ್ಮ ಸೈನ್ಯ ದೊಡ್ಡದು, ನಮ್ಮ ಆದಾಯ ಹೆಚ್ಚು. ಆದರೂ ಬಹಮನಿಗಳೇ ಏಕೆ ಗೆಲ್ಲುತ್ತಾರೆ? ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಕೆಲವರು, ಇದು ಕಲಿಗಾಲ, ಅವರು ಗೆಲ್ಲಬೇಕೆಂಬುದು ದೈವಸಂಕಲ್ಪ ಎಂದರು. ಇನ್ನು ಕೆಲವರು, ಅವರ ಕುದುರೆಗಳು ನಮ್ಮವಕ್ಕಿಂತ ಬಲವಾದವು, ಅವರಲ್ಲಿ ಒಳ್ಳೆಯ ಬಿಲ್ಲುಗಾರರಿದ್ದಾರೆ, ಅಷ್ಟೇ ಕಾರಣ ಎಂದರು. ಮೊದಲನೆಯ ಉತ್ತರವನ್ನು ಒಪ್ಪಿದ್ದರೆ ಅರಸನಿಗೆ ಕೊರಗುತ್ತಾ ಕುಳಿತುಕೊಳ್ಳುವುದು ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ. ಅವನು ಎರಡನೆಯದನ್ನು ಹಿಡಿದ. ಮುಸಲ್ಮಾನ ಬಿಲ್ಲುಗಾರರನ್ನೂ ಸವಾರರನ್ನೂ ತನ್ನ ಸೈನ್ಯಕ್ಕೆ ಸೇರಿಸಿಕೊಂಡ. ಅವರಿಗೆ ಜಹಗೀರು ಕೊಟ್ಟ, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿದ, ಅವರ ಧರ್ಮಾಚರಣೆಗೆ ಯಾರೂ ಅಡ್ಡಿ ಮಾಡಬಾರದೆಂದು ಆಜ್ಞೆ ಹೊರಡಿಸಿದ. ಅವರಿಂದ ತನ್ನ ಹಿಂದೂ ಸೈನಿಕರಿಗೆ ಬಿಲ್ವಿದ್ಯೆ ಕಲಿಸಿದ. 2,000 ಮುಸಲ್ಮಾನ ಬಿಲ್ಲುಗಾರರು, ಅವರ ವಿದ್ಯೆ ಕಲಿತ 60,000 ಹಿಂದೂ ಬಿಲ್ಲುಗಾರರು ಎಂದು ಫೆರಿಶ್ತಾ ಲೆಕ್ಕ ಕೊಡುತ್ತಾನೆ. ಎರಡನೆಯ ಸಂಖ್ಯೆ ಸ್ವಲ್ಪ ಉಬ್ಬಿಸಿದ್ದೇ ಇರಬಹುದು, ಹಳೆಯ ಇತಿಹಾಸಕಾರರಿಗೆ ಸಂಖ್ಯೆಯಲ್ಲಿ ಕೈ ಸ್ವಲ್ಪ ಧಾರಾಳ.

ಆದರೆ ಆಗ ಒಂದು ತೊಡಕು ಎದ್ದಿತು. ಅರಸನ ಮುಂದೆ ಬಂದವರು ತಲೆಬಾಗಿ ವಂದಿಸಲೇಬೇಕು, ಅದು ದರ್ಬಾರಿನ ರೀತಿ. ಮುಸಲ್ಮಾನನಿಗಾದರೋ ದೇವರೊಬ್ಬನ ಹೊರತು ಇನ್ಯಾರಿಗೂ ಸಾಷ್ಟಾಂಗ ಬಾಗುವುದು ಪಾಪ. ಬಾಗಿದರೆ ಮನಸ್ಸಾಕ್ಷಿಗೆ ದ್ರೋಹ, ಬಾಗದಿದ್ದರೆ ಒಡೆಯನಿಗೆ ಅಪಮಾನ. ಇಂತಹ ಕಡೆ ಏನಾಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ರೋಮನ್ ಚಕ್ರವರ್ತಿಯ ಪ್ರತಿಮೆಯ ಮುಂದೆ ಒಂದು ಚಿಟಿಕೆ ಧೂಪ ಹಾಕಲು ಒಪ್ಪದೆ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಹಬ್ಬಗಳನ್ನು ನಾವು ಇಂದಿಗೂ ಆಚರಿಸುತ್ತೇವೆ. ಅಧಿಕಾರಿಗಳ ದೃಷ್ಟಿಯಲ್ಲಿ ಅದು ಬರೀ ಒಂದು ಚಿಟಿಕೆ ಧೂಪ, ನಿಷ್ಠೆ ತೋರಿಸಲು ಒಂದು ಸಣ್ಣ ಶಿಷ್ಟಾಚಾರ; ಅದನ್ನೂ ಮಾಡದ ಈ ಜನ ಹಟಮಾರಿಗಳು ಎಂದೇ ಅವರಿಗೆ ಕಂಡಿತು.

ದೇವರಾಯ ತನ್ನ ಸಿಂಹಾಸನದ ಮುಂದೆ ಅಲಂಕರಿಸಿದ ಒಂದು ಪೀಠದ ಮೇಲೆ ಕುರಾನನ್ನು ಇರಿಸುವಂತೆ ಹೇಳಿದ. ಬಂದವನು ಬಾಗುತ್ತಾನೆ. ಅರಸನಿಗೆ ಅವನು ತನಗೆ ಬಾಗಿದನೆಂದು ಕಾಣುತ್ತದೆ, ದರ್ಬಾರಿನ ಮರ್ಯಾದೆ ಉಳಿಯುತ್ತದೆ. ಬಾಗಿದವನಿಗೆ ತಾನು ದೇವರ ವಾಕ್ಯದ ಮುಂದೆ ಬಾಗಿದೆನೆಂಬ ಸಮಾಧಾನ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ತಮ್ಮ ನಂಬಿಕೆ ಬಿಡಲಿಲ್ಲ. ಅರಸ ಮುಸಲ್ಮಾನನಾಗಲಿಲ್ಲ, ವಿರೂಪಾಕ್ಷನ ಭಕ್ತನಾಗಿಯೇ ಉಳಿದ. ಎದುರಿಗಿರುವವನ ಅಡಚಣೆ ಏನೆಂದು ಅವನ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿದ್ದಷ್ಟೇ ಅವನು ಮಾಡಿದ್ದು. ನಮ್ಮ ದೃಷ್ಟಿಯಲ್ಲಿ ಅವನ ಆಳ್ವಿಕೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ.

ಫೆರಿಶ್ತಾ ಇದನ್ನು ಬರೆದದ್ದು ಸುಮಾರು 150 ವರ್ಷಗಳ ಮೇಲೆ, ಆದ್ದರಿಂದ ಪೂರ್ತಿ ನಂಬಬಹುದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅವನು ಹೇಳಿದ ಸಂಗತಿಯ ಬೆನ್ನಿಗೆ ಅಹಮದ್ ಖಾನನ ಕಲ್ಲಿನ ಶಾಸನ ನಿಂತಿದೆ, ಅದು ದೇವರಾಯ ಬದುಕಿದ್ದಾಗಲೇ ಕೆತ್ತಿದ್ದು. ಮತ್ತೆ ಕೆಲವರು, ಇದೆಲ್ಲ ಸಾಮರಸ್ಯವಲ್ಲ, ಯುದ್ಧ ಗೆಲ್ಲುವ ಲೆಕ್ಕಾಚಾರ ಎನ್ನುತ್ತಾರೆ. ಅದೂ ಸುಳ್ಳಲ್ಲ. ಅವನಿಗೆ ಬಿಲ್ಲುಗಾರರು ಬೇಕಿತ್ತು. ಆದರೆ ಬಿಲ್ಲುಗಾರರು ಬೇಕಾದವನು ಸಂಬಳ ಕೊಟ್ಟು ಸುಮ್ಮನಿರಬಹುದಿತ್ತು, ಅವರ ಮನಸ್ಸಾಕ್ಷಿಯ ಚಿಂತೆ ಅವನಿಗೇಕೆ? ಲಾಭವೂ ಗೌರವವೂ ಒಂದೇ ಕೆಲಸದಲ್ಲಿ ಕೂಡಿರಬಾರದೆಂಬ ನಿಯಮವೇನೂ ಇಲ್ಲ.

ಈ ಬುದ್ಧಿ ಅವನಿಗೆ ತಟ್ಟನೆ ಬಂದದ್ದಲ್ಲ, ಮನೆತನದಲ್ಲೇ ಇತ್ತು. ಅವನ ಪೂರ್ವಜ ಮೊದಲನೆಯ ಬುಕ್ಕರಾಯನ ಕಾಲದಲ್ಲಿ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ದೊಡ್ಡ ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮುಂತಾದ ಊರುಗಳ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಿಗೆ ದೂರು ಕೊಟ್ಟರು. ಅದರಲ್ಲಿ ಮೆರವಣಿಗೆಯ ವಾದ್ಯ, ಕಲಶಗಳ ಹಕ್ಕಿನ ಪ್ರಶ್ನೆಯೂ ಇತ್ತು. ಇಂದಿನ ಹಬ್ಬಗಳ ಮೆರವಣಿಗೆಯ ಜಗಳಗಳನ್ನು ಕಂಡವರಿಗೆ ಇದು ಹೊಸದಾಗಿ ಕಾಣದು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರಿಗೆ ಪಂಚ ಮಹಾವಾದ್ಯಗಳ ಹಕ್ಕು ಮೊದಲಿನಂತೆಯೇ ಇರಬೇಕು, ಜೈನರಿಗೆ ಆಗುವ ಹಾನಿ ವೃದ್ಧಿಗಳನ್ನು ವೈಷ್ಣವರು ತಮ್ಮದೆಂದೇ ಭಾವಿಸಬೇಕು ಎಂದ. ಬಾಯಿಮಾತಿನ ರಾಜಿಯಲ್ಲಿ ಮುಗಿಸಲಿಲ್ಲ. ಜೈನರ ಮನೆಗಳಿಂದ ವರ್ಷಕ್ಕೆ ಒಂದೊಂದು ಹಣ ಎತ್ತಿ, ಅದರಲ್ಲಿ ಶ್ರವಣಬೆಳಗೊಳದ ದೇವರ ಕಾವಲಿಗೆ 20 ಜನರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದು ಗೊತ್ತುಮಾಡಲಾಯಿತು. ಈ ಕೆಲಸ ನೋಡಿಕೊಳ್ಳುವ ಹೊಣೆ ಬಿದ್ದದ್ದು ತಿರುಮಲೆಯ ತಾತಯ್ಯನವರ ಮೇಲೆ, ಅಂದರೆ ವೈಷ್ಣವರ ಮೇಲೆಯೇ. ಜಗಳವಾಡಿದವನಿಗೇ ಕಾವಲಿನ ಹೊಣೆ ಕೊಡುವ ಈ ಉಪಾಯವನ್ನು ನಮ್ಮ ಪಾಲನಾ ಮಂಡಳಿಗಳಲ್ಲಿ ರಾಜಿ ಪಂಚಾಯಿತಿಗೆ ಕೂರುವವರು ಒಮ್ಮೆ ಗಮನಿಸಬಹುದು.

ದೇವರಾಯ ಈ ದಾರಿಯಲ್ಲೇ ನಡೆದ. ಪಟ್ಟಕ್ಕೆ ಬಂದ ಎರಡನೆಯ ವರ್ಷದಲ್ಲೇ, 1426ರಲ್ಲಿ, ರಾಜಧಾನಿಯ ಎಲೆ ಅಡಿಕೆ ಮಾರುವ ಬೀದಿಯಲ್ಲಿ ಪಾರ್ಶ್ವನಾಥ ತೀರ್ಥಂಕರನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದ. ಊರ ಹೊರಗಿನ ಮೂಲೆಯಲ್ಲಲ್ಲ, ಅರಮನೆಯ ಸಮೀಪದ ಬೀದಿಯಲ್ಲಿ. ಅದರ ಅವಶೇಷವೂ ಶಾಸನವೂ ಇಂದಿಗೂ ಇವೆ. ಒಂದೇ ವಸ್ತುವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದು, ನೋಡುವ ಕಡೆಯಿಂದ ಅದು ಬೇರೆ ಬೇರೆಯಾಗಿ ಕಾಣುತ್ತದೆ ಎಂಬ ಸ್ಯಾದ್ವಾದ ಜೈನರ ತತ್ತ್ವ. ಅಂತಹ ಮತಕ್ಕೆ ಶೈವ ಅರಸ ಗುಡಿ ಕಟ್ಟಿಸಿದ್ದು ನಮಗೆ ಬಹಳ ಒಪ್ಪುವ ಸಂಗತಿ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿ ಸಿಗುವ ಗಾಣಗಿತ್ತಿ ಬಸದಿ ಇದಕ್ಕಿಂತ ಸುಮಾರು 40 ವರ್ಷ ಹಳೆಯದು, ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಕಟ್ಟಿಸಿದ್ದು. ನಮ್ಮ ಮೂಡಬಿದಿರೆಯ ಸಾವಿರ ಕಂಬದ ಬಸದಿ ಎದ್ದದ್ದೂ ಈ ದೇವರಾಯನ ಆಳ್ವಿಕೆಯಲ್ಲಿ, 1430ರಲ್ಲಿ. ಮೂಡಬಿದಿರೆಯ ಕಡೆಯ ಓದುಗರು ದಿನವೂ ನೋಡುವ ಕಂಬಗಳು ಕಮಲಾಪುರದ ಆ ಮಸೀದಿಯ ಕಂಬಗಳ ಒಡನಾಡಿಗಳು.

ಅವನ ಆಸ್ಥಾನದಲ್ಲಿ ವೀರಶೈವರ ಪ್ರಭಾವ ಬಹಳ. ಮಂತ್ರಿ ಲಕ್ಕಣ್ಣ ದಂಡೇಶ ಶಿವತತ್ತ್ವ ಚಿಂತಾಮಣಿ ಬರೆದ; ಚಾಮರಸ ಅಲ್ಲಮಪ್ರಭುವಿನ ಕಥೆಯಾದ ಪ್ರಭುಲಿಂಗಲೀಲೆ ಬರೆದ. ವೈಷ್ಣವ ಪಂಡಿತರಿಗೂ ವೀರಶೈವರಿಗೂ ಅರಸನ ಎದುರಿನಲ್ಲಿ ವಾದ ನಡೆದ ಕಥೆಗಳನ್ನು ನಂತರದ ವೀರಶೈವ ಕಾವ್ಯಗಳು ಹೇಳುತ್ತವೆ. ತೆಲುಗಿನ ಶ್ರೀನಾಥ ಕವಿ ಇಲ್ಲಿಗೆ ಬಂದು ಸಂಸ್ಕೃತ ಪಂಡಿತ ಡಿಂಡಿಮನನ್ನು ವಾದದಲ್ಲಿ ಗೆದ್ದು ಹೊನ್ನಿನ ಅಭಿಷೇಕ ಮಾಡಿಸಿಕೊಂಡನೆಂಬ ಪ್ರತೀತಿಯೂ ಇದೆ. ವಾದ ಇರಲಿಲ್ಲವೆಂದಲ್ಲ, ಬಿರುಸಾಗಿಯೇ ಇತ್ತು. ಅರಸನ ಎದುರು ಕುಳಿತು ವಾದಿಸಬಹುದಿತ್ತು, ಅಷ್ಟೇ.

ಇದೇ 1439ರಲ್ಲಿ, ಅಹಮದ್ ಖಾನ್ ಕಮಲಾಪುರದ ಬಳಿ ಕಲ್ಲು ಕೆತ್ತಿಸುತ್ತಿದ್ದ ವರ್ಷದಲ್ಲಿಯೇ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಮ್ಮ ಧರ್ಮಸಭೆಯ ಒಂದು ಮಹಾಸಭೆ ನಡೆಯುತ್ತಿತ್ತು. ಲ್ಯಾಟಿನ್ ಮತ್ತು ಗ್ರೀಕ್ ಕ್ರೈಸ್ತರ ಶತಮಾನಗಳ ಒಡಕನ್ನು ಸರಿಪಡಿಸಲು ಪೋಪ್ ನಾಲ್ಕನೆಯ ಯುಜೀನ್ ಮತ್ತು ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಅಲ್ಲಿ ಸೇರಿದ್ದರು. ಪವಿತ್ರಾತ್ಮರು ಪಿತನಿಂದ ಮಾತ್ರ ಹೊರಡುವರೋ, ಪುತ್ರನಿಂದಲೂ ಹೊರಡುವರೋ ಎಂಬ ವಿಷಯದಲ್ಲಿ ತಿಂಗಳುಗಟ್ಟಲೆ ವಾದ ನಡೆದು, ಜುಲೈ 6ರಂದು ಐಕ್ಯದ ಘೋಷಣೆ ಹೊರಬಿತ್ತು. ಎಫೆಸದ ಮಾರ್ಕ್ ಒಬ್ಬರು ಸಹಿ ಹಾಕಲಿಲ್ಲ. ಸಹಿ ಹಾಕಿದವರು ಊರಿಗೆ ಮರಳಿದಾಗ ಜನ ಒಪ್ಪಲಿಲ್ಲ, ಹಲವರು ತಮ್ಮ ಸಹಿಯನ್ನೇ ಹಿಂತೆಗೆದುಕೊಂಡರು. ಗ್ರೀಕರ ಮೇಲೆ ತುರ್ಕರ ಭಯವಿತ್ತು, ಲ್ಯಾಟಿನರಿಂದ ಸೈನ್ಯದ ಸಹಾಯ ಬೇಕಿತ್ತು. ದೇವರಾಯನಿಗೆ ಬಿಲ್ಲುಗಾರರು ಬೇಕಾಗಿದ್ದಂತೆಯೇ. ಆದರೆ ಫ್ಲಾರೆನ್ಸಿನಲ್ಲಿ ಎಲ್ಲರೂ ಒಂದೇ ವಾಕ್ಯಕ್ಕೆ ಒಪ್ಪಬೇಕಾಗಿತ್ತು. ದರ್ಬಾರಿನಲ್ಲಿ ಹಾಗೆ ಒಪ್ಪಬೇಕಾಗಿರಲಿಲ್ಲ. ವಿಶ್ವಾಸದ ವಿಷಯ ಬೇರೆ, ದರ್ಬಾರಿನ ವಿಷಯ ಬೇರೆ ಎಂದು ದೇವಶಾಸ್ತ್ರ ಓದಿದವರು ಆಕ್ಷೇಪಿಸಿದರೆ ನಾವು ಒಪ್ಪುತ್ತೇವೆ. ಆದರೂ ಒಂದೇ ವರ್ಷದ ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಆಸೆಯನ್ನು ನಮಗೆ ತಡೆಯಲಾಗಲಿಲ್ಲ.

ಅದೇ ಪೋಪ್ ಯುಜೀನರ ಮುಂದೆ ಹೋಗಿ ನಿಂತ ಇನ್ನೊಬ್ಬನಿಗೂ ವಿಜಯನಗರಕ್ಕೂ ಸಂಬಂಧವಿದೆ. ವೆನಿಸ್ಸಿನ ವ್ಯಾಪಾರಿ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರ ನೋಡಿದ್ದ. ಊರಿಗೆ ಮರಳುವ ದಾರಿಯಲ್ಲಿ ತನ್ನ ಮತ್ತು ಹೆಂಡತಿ ಮಕ್ಕಳ ಜೀವ ಉಳಿಸಿಕೊಳ್ಳಲು ಕ್ರೈಸ್ತ ವಿಶ್ವಾಸವನ್ನು ತೊರೆಯಬೇಕಾಯಿತು. ಮರಳಿ ಬಂದು ಪೋಪರಲ್ಲಿ ಕ್ಷಮೆ ಬೇಡಿದಾಗ, ಪ್ರಾಯಶ್ಚಿತ್ತವಾಗಿ ತನ್ನ ಪ್ರವಾಸದ ಕಥೆಯನ್ನೆಲ್ಲ ಪೋಪರ ಕಾರ್ಯದರ್ಶಿ ಪೊಜ್ಜಿಯೊಗೆ ನಿಜವಾಗಿ ಹೇಳಬೇಕೆಂದು ಆಜ್ಞೆಯಾಯಿತು. ಯುರೋಪಿನವರಿಗೆ ವಿಜಯನಗರದ ಸುದ್ದಿ ತಿಳಿದದ್ದು ಹೀಗೆ ಒಬ್ಬ ಪಾಪನಿವೇದನೆ ಮಾಡಿದವನಿಂದ.

ದೇವರಾಯನನ್ನು ಕಣ್ಣಾರೆ ಕಂಡು ಬರೆದವನು ಮಾತ್ರ ಅಬ್ದುಲ್ ರಜಾಕ್. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಅವನು ಕಲ್ಲಿಕೋಟೆಗೆ ಬಂದಿದ್ದ. ಆ ಸುದ್ದಿ ತಿಳಿದು ದೇವರಾಯ ಅವನನ್ನು ಕರೆಸಿಕೊಂಡ. 1443ರಲ್ಲಿ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದು, ಕೆಲವು ಹರದಾರಿ ದೂರದಲ್ಲಿ ಕಂಚಿನ ಎರಕದ ಒಂದು ದೇವಾಲಯವನ್ನು ಕಂಡು ಬೆರಗಾಗಿ, ಘಟ್ಟ ಹತ್ತಿ ರಾಜಧಾನಿ ಸೇರಿದ. ಏಳು ಸುತ್ತಿನ ಕೋಟೆ, ಬಜಾರು, ಹೂವಿನ ಅಂಗಡಿಗಳು, ಮಹಾನವಮಿಯ ವೈಭವ ಎಲ್ಲವನ್ನೂ ವರ್ಣಿಸಿದ್ದಾನೆ. ಅವನಿಗೆ ದಿನವೂ 2 ಕುರಿ, 4 ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು 2 ವರಹ ಸಲ್ಲುವ ಏರ್ಪಾಡಾಯಿತು. ಮೊದಲ ಭೇಟಿಯ ದಿನ ನಡೆದ ಒಂದು ಸಣ್ಣ ಸಂಗತಿ ನಮಗೆ ಬಹಳ ಹಿಡಿಸಿತು. ತನ್ನ ನಾಡಿನ ರೀತಿಯಲ್ಲಿ ಒಂದರ ಮೇಲೊಂದು ಅಂಗಿ ತೊಟ್ಟು ಬಂದಿದ್ದ ರಾಯಭಾರಿ ಸೆಕೆಯಿಂದ ಬೆವರಿ ನೀರಾಗಿದ್ದ. ಅರಸ ಅದನ್ನು ಗಮನಿಸಿ, ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಅವನಿಗೆ ಕೊಟ್ಟ. ನಂತರ ವೀಳ್ಯ, ಕರ್ಪೂರ ಮತ್ತು 500 ಪಣಗಳ ಚೀಲ. ಈ ಅರಸನ ಬಗ್ಗೆ ಬರೆದ ಮುಸಲ್ಮಾನನಿಗೆ ವಿಗ್ರಹಾರಾಧನೆ ಎಳ್ಳಷ್ಟೂ ಇಷ್ಟವಿರಲಿಲ್ಲ, ಅದನ್ನು ಅವನು ಬಚ್ಚಿಡುವುದೂ ಇಲ್ಲ. ಆದರೂ ಅರಸನನ್ನು ಮನಸಾರೆ ಹೊಗಳಿದ್ದಾನೆ.

ಎಲ್ಲವೂ ಹಾಗೆಯೇ ಮುಂದುವರಿಯಲಿಲ್ಲ. ಹೊರ್ಮುಜಿನಿಂದ ಬಂದ ವ್ಯಾಪಾರಿಗಳು, ಅವನದೇ ಧರ್ಮದವರು, ಇವನು ನಿಜವಾದ ರಾಯಭಾರಿಯಲ್ಲ, ವೇಷಧಾರಿ ಎಂದು ಗಾಳಿಸುದ್ದಿ ಹಬ್ಬಿಸಿದರು. ದಿನದ ಭತ್ಯೆ ನಿಂತುಹೋಯಿತು. ಅರಸನೂ ಆ ಮಾತನ್ನು ಅರ್ಧ ನಂಬಿದಂತೆ ಕಾಣುತ್ತದೆ. ಆದರೆ ಅವನನ್ನು ಓಡಿಸಲಿಲ್ಲ, ಸಂಬಂಧ ಮುರಿಯಲಿಲ್ಲ. ಕೊನೆಗೆ ತನ್ನ ರಾಯಭಾರಿಗಳನ್ನೂ ಉಡುಗೊರೆಗಳನ್ನೂ ಜೊತೆಮಾಡಿ ಶಾರುಖನಲ್ಲಿಗೆ ಕಳುಹಿಸಿದ. ಸಂಶಯವಿದ್ದಾಗಲೂ ಬಾಗಿಲು ಮುಚ್ಚದಿರುವುದು ಸುಲಭವಲ್ಲ.

ಅಬ್ದುಲ್ ರಜಾಕ್ ಬರುವ ಸ್ವಲ್ಪ ಮೊದಲು ಅರಮನೆಯಲ್ಲಿ ಭಯಂಕರ ಘಟನೆಯೊಂದು ನಡೆದಿತ್ತು. ಅರಸನ ಸ್ವಂತ ಸಹೋದರ ಹೊಸ ಮನೆ ಕಟ್ಟಿಸಿ, ಒಕ್ಕಲಿನ ಊಟಕ್ಕೆಂದು ಅಧಿಕಾರಿಗಳನ್ನೆಲ್ಲ ಕರೆದ. ಹೊರಗೆ ಡೋಲು ನಗಾರಿಗಳ ಸದ್ದು. ಒಳಗೆ ಒಬ್ಬೊಬ್ಬರನ್ನೇ ಊಟಕ್ಕೆಂದು ಕರೆದು ಕೊಂದು ಹಾಕಲಾಯಿತು. ಆಮೇಲೆ ಅರಸನನ್ನು ಕರೆಯಲು ಅವನೇ ಹೋದ. ಅಸ್ವಸ್ಥನಾಗಿದ್ದ ಅರಸ ಬರಲೊಪ್ಪದಿದ್ದಾಗ ಕಠಾರಿಯಿಂದ ಇರಿದ. ಅರಸ ಸಿಂಹಾಸನದ ಹಿಂದೆ ಬಿದ್ದು, ಸತ್ತನೆಂದು ಅವರು ಭಾವಿಸಿದರೂ, ಬದುಕಿ ಹೊರಗೆ ಬಂದು ಜನರಿಗೆ ಮುಖ ತೋರಿಸಿದ. ಸಹೋದರ ಸತ್ತ. ಮುಸಲ್ಮಾನರನ್ನು ಹತ್ತಿರ ಸೇರಿಸಿದರೆ ಪ್ರಾಣಾಪಾಯ ಎಂದು ಯಾರಾದರೂ ಆಸ್ಥಾನದಲ್ಲಿ ಎಚ್ಚರಿಸಿದ್ದರೋ ಏನೋ, ಕಠಾರಿ ಬಂದದ್ದು ಒಡಹುಟ್ಟಿದವನ ಕೈಯಿಂದ.

ಇಲ್ಲಿಯವರೆಗೆ ಓದಿದವರಿಗೆ ದೇವರಾಯ ಒಬ್ಬ ಸಂತನಂತೆ ಕಂಡಿದ್ದರೆ ತಪ್ಪು ನಮ್ಮದು. ಆ ಪಿತೂರಿಯ ನಂತರ ಅವನು ತೀರಿಸಿಕೊಂಡ ಸೇಡು ಘೋರವಾಗಿತ್ತು. ಪಿತೂರಿಗಾರರನ್ನು ಚರ್ಮ ಸುಲಿಸಿ, ಸುಡಿಸಿ ಕೊಲ್ಲಿಸಿದ, ಅವರ ಮನೆತನಗಳನ್ನೂ ಬಿಡಲಿಲ್ಲ. ಮುಸಲ್ಮಾನ ಬಿಲ್ಲುಗಾರರಿಂದ ಬಲಗೊಂಡ ಸೈನ್ಯವನ್ನು ಅವನು ಶಾಂತಿಗಾಗಿ ಬಳಸಲಿಲ್ಲ, 1443ರಲ್ಲಿ ತುಂಗಭದ್ರೆ ದಾಟಿ ಮುದಗಲ್ಲಿನ ಮೇಲೆ ದಂಡೆತ್ತಿ ಹೋದ. ಗೆಲುವು ಸ್ಥಿರವಾಗಲಿಲ್ಲ, ಕೊನೆಗೆ ಒಪ್ಪಂದಕ್ಕೆ ಬಂದ. ತಮಿಳು ಸೀಮೆಯಲ್ಲಿ 1429ರಲ್ಲಿ ತೆರಿಗೆಯ ಭಾರ ತಾಳಲಾರದೆ, ಎಂದೂ ಕೂಡದ ಬಲಗೈ ಎಡಗೈ ಜಾತಿಗಳವರು ಒಂದಾಗಿ ಅವನ ಅಧಿಕಾರಿಗಳ ವಿರುದ್ಧ ನಿಂತರು. ಅರಸರು ಸತ್ತಾಗ ಅವರ ರಾಣಿಯರು ಚಿತೆಯೇರುವ ರೂಢಿಯನ್ನು ಕೊಂಟಿ ಬರೆದಿದ್ದಾನೆ.

ವಿಜಯನಗರವೆಂದರೆ ಹಿಂದೂ ಧರ್ಮದ ಕೋಟೆ ಎಂದು ಒಂದು ಪಕ್ಷ, ಎಲ್ಲ ಧರ್ಮಗಳ ಸ್ವರ್ಗ ಎಂದು ಇನ್ನೊಂದು ಪಕ್ಷ ಭಾಷಣ ಮಾಡುತ್ತವೆ. ಇಬ್ಬರಿಗೂ ಕಮಲಾಪುರದ ಸುತ್ತಮುತ್ತ ಸಾಕ್ಷಿ ಸಿಗುತ್ತದೆ. ಈ ಅರಸರು ತಮ್ಮನ್ನು ಹಿಂದೂರಾಯ ಸುರತ್ರಾಣ ಎಂದು ಕರೆದುಕೊಂಡರು, ಅಂದರೆ ಹಿಂದೂ ರಾಜರ ನಡುವೆ ಸುಲ್ತಾನ. ಹಿಂದೂ ಎಂಬ ಹೆಮ್ಮೆಯೂ ಸುಲ್ತಾನನೆಂಬ ಹೆಮ್ಮೆಯೂ ಒಂದೇ ಬಿರುದಿನಲ್ಲಿ! ಇದನ್ನು ಯಾವ ಪಕ್ಷದ ಖಾತೆಗೆ ಹಾಕುವುದು?

ದೇವರಾಯನ ನೀತಿಯನ್ನು ದೊಡ್ಡ ತಪ್ಪೆಂದು ಹೇಳುವವರ ವಾದವನ್ನೂ ಕೇಳಬೇಕು. 1565ರ ಯುದ್ಧದಲ್ಲಿ ರಾಮರಾಯನ ಸೈನ್ಯದ ಇಬ್ಬರು ಮುಸಲ್ಮಾನ ಸರದಾರರು ಶತ್ರುಗಳ ಕಡೆ ಹೋದದ್ದರಿಂದಲೇ ವಿಜಯನಗರ ಹಾಳಾಯಿತು, ಆ ಬೀಜ ಬಿತ್ತಿದವನು ಇವನೇ ಎಂಬುದು ಅವರ ವಾದ. ಆ ದ್ರೋಹದ ಸಂಗತಿಯನ್ನು 1567ರಲ್ಲಿ ಹಾಳೂರನ್ನು ಕಂಡ ವೆನಿಸ್ಸಿನ ಸೀಸರ್ ಫ್ರೆಡರಿಕ್ ಬರೆದಿದ್ದಾನೆ, ತಳ್ಳಿಹಾಕುವಂತಿಲ್ಲ. ಆದರೆ ದೇವರಾಯನಿಂದ ಆ ಯುದ್ಧದವರೆಗೆ ನಡುವೆ 120 ವರ್ಷಗಳಿವೆ. ಅಷ್ಟು ಕಾಲ ಮುಸಲ್ಮಾನ ಸೈನಿಕರು ಈ ರಾಜ್ಯಕ್ಕಾಗಿ ಹೋರಾಡಿದರು. 1520ರಲ್ಲಿ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕೋವಿ ಹಿಡಿದು ನಿಂತವರಲ್ಲಿ ಪೋರ್ಚುಗೀಸ್ ಕ್ರೈಸ್ತರೂ ಇದ್ದರು. ಕೊನೆಯ ದಿನ ದ್ರೋಹ ಮಾಡಿದ ಇಬ್ಬರನ್ನು ಮಾತ್ರ ನೆನಪಿಟ್ಟು, ಅದಕ್ಕೂ ಮೊದಲು ಪ್ರಾಣಕೊಟ್ಟವರನ್ನು ಮರೆತರೆ ಲೆಕ್ಕ ಸರಿಹೋಗದು ಎಂಬುದು ನಮ್ಮ ಅಭಿಪ್ರಾಯ. ಬೇರೆ ಅಭಿಪ್ರಾಯವಿರುವವರು ನಮ್ಮ ಓದುಗರಲ್ಲೇ ಇದ್ದಾರೆಂದು ನಮಗೆ ಗೊತ್ತು.

ಮುಂದಿನ ಬಾರಿ ಹಂಪಿಗೆ ಹೋಗುವವರು ಕಮಲಾಪುರದಲ್ಲಿ ಬಸ್ಸು ನಿಲ್ಲಿಸಿದಾಗ ತಳವಾರಘಟ್ಟದ ದಾರಿ ಕೇಳಿ, ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. ಮಸೀದಿಯ ಒಳಗೆ ನೆರಳಿರುತ್ತದೆ, ಜನಸಂದಣಿ ಇರುವುದಿಲ್ಲ.

ದೇವರಾಯ 1446ರ ಮೇ 24ರಂದು, ಮಂಗಳವಾರ, ತೀರಿಕೊಂಡ. ಅವನ ಮಗ ಮಲ್ಲಿಕಾರ್ಜುನ ಪಟ್ಟಕ್ಕೆ ಬಂದ. ಸಾವಿನ ದಿನ ನಮಗೆ ಇಷ್ಟು ಖಚಿತವಾಗಿ ತಿಳಿದದ್ದು ಹಂಪಿಯ ಶಾಸನದಿಂದಲ್ಲ. ವಿರೂಪಾಕ್ಷನ ಭಕ್ತನಾದ ಈ ಅರಸನ ಮರಣವನ್ನು ಕಲ್ಲಿನಲ್ಲಿ ಬರೆದಿಟ್ಟದ್ದು ಶ್ರವಣಬೆಳಗೊಳದಲ್ಲಿ, ಬುಕ್ಕರಾಯನ 1368ರ ರಾಜಿಯ ಶಾಸನವಿರುವ ಜೈನರ ಆ ಊರಿನಲ್ಲಿ.